ಕೆಂಪು ಗೆರೆ ಎಳೆದ ನಟ್ಟು

ನನ್ನ ಅಕ್ಕ ಉಗುರಿಗೆ ಬಣ್ಣ ಹಚ್ಚಿದ್ದನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಅವಳ ಸಾಮಾನಿನ ಚೀಲದಲ್ಲಿ ಸ್ಪ್ಯಾನರು, ಇಕ್ಕಳ, ಟೇಪು, ಮೀಟರುಗಳ ನಡುವೆ ಒಂದು ಕೆಂಪು ನೇಲ್ ಪಾಲಿಶ್ ಬಾಟಲಿ ಯಾವಾಗಲೂ ಇರುತ್ತದೆ. ಅದು ಇರುವುದು ನಟ್ಟುಗಳಿಗೆ. ಕರೆಂಟು ಹರಿಯುವ ಯಾವ ನಟ್ಟನ್ನೇ ಬಿಗಿ ಮಾಡಲಿ, ಕೊನೆಗೆ ಬ್ರಷ್ಷು ತೆಗೆದು ನಟ್ಟಿನ ನೆತ್ತಿಯಿಂದ ತಾಮ್ರದ ಪಟ್ಟಿಯ ಮೇಲೆ ಹಾಯಿಸಿ ಕೆಳಗಿನ ಹಲಗೆಯವರೆಗೆ ಒಂದು ಸಣ್ಣ ಗೆರೆ ಎಳೆಯುತ್ತಾಳೆ. ಆಮೇಲೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ. ಮುಂದಿನ ಸಲ ನೋಡುವವರಿಗೆ ಸ್ಪ್ಯಾನರು ಬೇಡ, ಎರಡು ಕಣ್ಣಿದ್ದರೆ ಸಾಕು.

ಇಂಥ ಹೆಂಗಸಿಗೆ ಊರಿನವರು ಕರೆಯುತ್ತಿದ್ದ ಹೆಸರು ಸಡಿಲಕ್ಕ. ನಟ್ಟು ಸಡಿಲ ಬಿಟ್ಟು ಒಂದು ಸಂಸಾರದ ಗಾಡಿಗೆ ಬೆಂಕಿ ಹಚ್ಚಿದವಳು ಅಂತ. ಹೆಸರು ಊರಿನವರ ಬಾಯಲ್ಲಿತ್ತು, ಇಟ್ಟದ್ದು ಮಾತ್ರ ನಮ್ಮ ಸ್ವಂತ ಸೋದರಮಾವ.

ನಾನು ಒಳ್ಳೆಯವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಆ ಮನುಷ್ಯನಿಗೆ ಕೆಟ್ಟದ್ದಾಗಲಿ ಎಂದು ಕಾದು ಕೂತವಳು ನಾನು. ಅಕ್ಕ ಕಾದಳೋ ಇಲ್ಲವೋ ಆಗ ನನಗೆ ಗೊತ್ತಿರಲಿಲ್ಲ. ಅವಳು ಬಾಯಿ ಬಿಡುವುದು ಕಡಿಮೆ. ಆ ಬಾಕಿಯನ್ನೆಲ್ಲ ನಾನು ತುಂಬಿಕೊಡುತ್ತೇನೆ.

ಅಕ್ಕನ ಕೆಲಸ ಮನೆಗಾಡಿಗಳ ಕರೆಂಟು ರಿಪೇರಿ. ಮನೆಗಾಡಿ ಎಂದರೆ ಒಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಟ್ಟ ಫ್ರಿಜ್ಜು ಎಲ್ಲ ಇಟ್ಟುಕೊಂಡು ಊರೂರು ತಿರುಗುವ ವ್ಯಾನು. ನಮ್ಮೂರ ಕೆರೆಯ ಪಕ್ಕ ಇಂಥ ಗಾಡಿಗಳು ಬಂದು ತಂಗುವ ದೊಡ್ಡ ಮೈದಾನವಿದೆ. ಸಾಲಾಗಿ ಕಂಬಗಳು, ಕಂಬಕ್ಕೊಂದು ಸಾಕೆಟ್ಟು. ಅಲ್ಲಿ ಪ್ಲಗ್ ಹಾಕಿಕೊಂಡರೆ ಮನೆಯ ಹಾಗೆ ಕರೆಂಟು. ಪ್ಲಗ್ ಕಿತ್ತರೆ ಗಾಡಿಯ ಹೊಟ್ಟೆಯಲ್ಲಿರುವ ಬ್ಯಾಟರಿಯೇ ಗತಿ. ಮೈದಾನದ ಮೂಲೆಯ ಶೆಡ್ಡಿನ ಒಂದು ಅರ್ಧದಲ್ಲಿ ನಾನು ಗಾಡಿಗಳ ಸೀಟು, ಪರದೆ ಹೊಲಿಯುತ್ತೇನೆ, ಇನ್ನೊಂದು ಅರ್ಧದಲ್ಲಿ ಅಕ್ಕ ತಂತಿ ಬಿಚ್ಚಿಕೊಂಡು ಕೂರುತ್ತಾಳೆ.

ಅಕ್ಕನಿಗೆ ಈ ವಿದ್ಯೆ ಕಲಿಸಿದವರು ಮಾವನೇ. ಆ ಮಾತು ಒಪ್ಪಲೇಬೇಕು. ಹದಿನಾರು ವರ್ಷದವಳನ್ನು ತಮ್ಮ ವರ್ಕ್‌ಶಾಪಿಗೆ ಸೇರಿಸಿಕೊಂಡು, ಮೀಟರು ಹಿಡಿಯುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟರು. ಮಾವನಿಗೆ ಎರಡು ಚಟ. ಒಂದು, ಯಾವುದನ್ನೂ ಎಸೆಯುವುದಿಲ್ಲ. ಬಗ್ಗಿದ ಮೊಳೆಯನ್ನೂ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುವ ಪೈಕಿ. ಇನ್ನೊಂದು, ಕಂಡದ್ದಕ್ಕೆಲ್ಲ ಬೆಳ್ಳಿ ಬಣ್ಣ ಬಳಿಯುವುದು. ತುಕ್ಕು ಹಿಡಿದ ಪೈಪು, ನೀರಿನ ಡ್ರಮ್ಮು, ಮುರಿದ ಕುರ್ಚಿ, ಎಲ್ಲವೂ ಬೆಳ್ಳಿ. ಸುಮ್ಮನೆ ನಿಂತರೆ ನಮಗೂ ಬಳಿದುಬಿಡುತ್ತಾರೆ ಎಂದು ನಾವು ಚಿಕ್ಕವರಿದ್ದಾಗ ನಗುತ್ತಿದ್ದೆವು. ಅಕ್ಕ ನಟ್ಟಿಗೆ ಗೆರೆ ಎಳೆಯುವುದನ್ನು ಕಂಡು ಅವರು ಒಮ್ಮೆ, "ನಟ್ಟಿಗೂ ಸಿಂಗಾರ ಮಾಡ್ತೀಯೇನೇ? ಹೂ ಒಂದು ಮುಡಿಸಿಬಿಡು," ಎಂದಿದ್ದರು. ಅಕ್ಕ ಕೆಂಪಾದಳು. ಯಾಕೆ ಎಳೆಯುತ್ತೇನೆ ಎಂದು ಅವಳು ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ.

ಆಗ ಶಾಲೆಯ ಮೇಷ್ಟ್ರೊಬ್ಬರು ಒಂದು ಹಳದಿ ಮನೆಗಾಡಿ ತಂದರು. ಅಕ್ಕ ನಾಲ್ಕು ದಿನ ಕೂತು ಅದಕ್ಕೆ ಹೊಸದಾಗಿ ವೈರಿಂಗ್ ಮಾಡಿದಳು. ಮೇಷ್ಟ್ರು ಬಲು ಶಿಸ್ತಿನವರು. ಫ್ಯೂಸ್ ಬೋರ್ಡಿನ ಹಲಗೆಯ ಮೇಲೆ ಯಾವ ಫ್ಯೂಸು ಯಾವುದಕ್ಕೆ ಎಂದು ಕಂಪಾಸಿನ ಮೊನೆಯಿಂದ ತಾವೇ ಕೊರೆದು ಬರೆದರು: ಪಂಪು, ಫ್ರಿಜ್ಜು, ಹಿಂದಿನ ಸಾಕೆಟ್ಟು, ಮಗಳ ದೀಪ. ಎರಡು ತಿಂಗಳ ಮೇಲೆ ಹಿಂದಿನ ಸಾಕೆಟ್ಟಿನ ಫ್ಯೂಸು ಪದೇಪದೇ ಹೋಗುತ್ತಿದೆ ಎಂದು ಮತ್ತೆ ಬಂದರು. ಅವತ್ತು ಅಕ್ಕ ಬೇರೆ ಕೆಲಸಕ್ಕೆ ಹೋಗಿದ್ದಳು. ಮಾವ ಐದೇ ನಿಮಿಷದಲ್ಲಿ "ಸರಿ" ಮಾಡಿ ಕಳಿಸಿದರು.

ಒಂದು ವಾರದ ಮೇಲೆ ಹಳದಿ ಗಾಡಿಯ ಹಿಂದಿನ ಅರ್ಧ ಸುಟ್ಟುಹೋಯಿತು. ಮೇಷ್ಟ್ರು ಮಗಳನ್ನು ಎಳೆದುಕೊಂಡು ಹೊರಗೆ ಹಾರಿದರು. ಮಗುವಿಗೆ ಏನೂ ಆಗಲಿಲ್ಲ, ಅವರ ಬಲಗೈ ಮಾತ್ರ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಿತು. ಮಾವ ಹೋಗಿ ಗಾಡಿಯನ್ನು ಪರೀಕ್ಷೆ ಮಾಡಿ, ಜನರ ಮುಂದೆ ತಲೆ ಅಲ್ಲಾಡಿಸುತ್ತ ಹೇಳಿದರು: "ಮೇನ್ ನಟ್ಟು ಸಡಿಲ ಬಿಟ್ಟಿದ್ದಾಳೆ. ಕಿಡಿ ಹಾರಿದೆ. ನನ್ನ ಅಕ್ಕನ ಮಗಳು, ಏನು ಮಾಡ್ಲಿ? ಹೇಳೋಕೂ ಆಗಲ್ಲ, ಬಿಡೋಕೂ ಆಗಲ್ಲ."

ಹೇಳುವುದನ್ನು ಹೇಳಿಯೇ, ಹೇಳಲಾಗುವುದಿಲ್ಲ ಎಂದ ನಾಲಿಗೆ ಅದು. ಅಕ್ಕ ಓಡಿಹೋಗಿ ಕೇಳಿದ್ದು ಒಂದೇ ಮಾತು, "ಬೋರ್ಡ್ ತೋರಿಸಿ ಮಾವ." ಅದು ಕರಗಿ ಮುದ್ದೆಯಾಗಿತ್ತು, ಗುಜರಿಗೆ ಹಾಕಿದೆ ಎಂದರು. ಬೋರ್ಡೇ ಇಲ್ಲದ ಮೇಲೆ ಗೆರೆಯ ಮಾತು ಎತ್ತಿ ಏನು ಪ್ರಯೋಜನ? ಬಗ್ಗಿದ ಮೊಳೆ ಎಸೆಯದ ಮನುಷ್ಯ ಆ ಬೋರ್ಡನ್ನು ಮಾತ್ರ ಎಸೆದದ್ದು ಹೇಗೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ನಮ್ಮ ಅಮ್ಮನಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ನ ತಮ್ಮ ಸುಳ್ಳು ಹೇಳೋನಲ್ಲ ಕಣೇ, ನೀನೇ ಎಲ್ಲೋ ಮರೆತಿದ್ದೀಯ," ಎಂದುಬಿಟ್ಟಳು. ಅಕ್ಕ ಅವತ್ತು ಎರಡು ಹೊತ್ತು ಊಟ ಮಾಡಲಿಲ್ಲ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೈ ಉರಿಯುತ್ತದೆ.

ಅಲ್ಲಿಂದ ಮೈದಾನದ ಪಟ್ಟಿಯಿಂದ ಅಕ್ಕನ ಹೆಸರು ತೆಗೆದರು. ಮೈದಾನದ ಕಂಬಕ್ಕೆ ಯಾವ ಗಾಡಿ ಪ್ಲಗ್ ಹಾಕಬೇಕಾದರೂ ಅದರ ವೈರಿಂಗ್ ಸರಿಯಿದೆ ಎಂಬ ಚೀಟಿಗೆ ಪಟ್ಟಿಯಲ್ಲಿರುವ ಎಲೆಕ್ಟ್ರಿಷಿಯನ್ ಒಬ್ಬರ ಸಹಿ ಬೇಕು. ಹಾಗಾಗಿ ಕೆಲಸ ಅಕ್ಕನದು, ಸಹಿ ಇನ್ನೊಬ್ಬರದು. ಆ ಇನ್ನೊಬ್ಬರು ಮಂಡಿನೋವಿನ ಎಲೆಕ್ಟ್ರಿಷಿಯನ್. ಪಾಪದವರು, ಗಾಡಿಯ ಕೆಳಗೆ ತೂರಲು ಆಗುವುದಿಲ್ಲ. ಅಕ್ಕ ತೂರುತ್ತಾಳೆ, ಅವರು ಕುರ್ಚಿಯಲ್ಲಿ ಕೂತು ಸಹಿ ಗೀಚುತ್ತಾರೆ. ಹನ್ನೊಂದು ವರ್ಷದಲ್ಲಿ ನೂರಾರು ಗಾಡಿಗಳಲ್ಲಿ ಅಕ್ಕನ ಕೆಂಪು ಗೆರೆ ಕೂತಿತು, ಒಂದು ಚೀಟಿಯಲ್ಲೂ ಅವಳ ಹೆಸರು ಕೂರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಒಮ್ಮೆ ಹಳೆಯ ಪತ್ರಿಕೆಯ ಅಂಚಿನಲ್ಲಿ ಅವಳು ತನ್ನ ಸಹಿಯನ್ನು ಬರೆದು ಬರೆದು ನೋಡಿದ್ದನ್ನು ನಾನು ಕಂಡೆ. ಕಾಣದವಳ ಹಾಗೆ ಅದೇ ಕಾಗದದಲ್ಲಿ ಗುಂಡಿಗಳನ್ನು ಕಟ್ಟಿಟ್ಟೆ.

ಮಾವ ಮಾತ್ರ ಬೇರೆ ಊರಿಗೆ ಹೋಗಿ ದೊಡ್ಡ ಮನುಷ್ಯರಾದರು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ. ಮನೆಗಾಡಿ ಮಾಲೀಕರ ಸಂಘದ ಅಧ್ಯಕ್ಷರಾದರು. ಹೋದ ವರ್ಷ ಸಂಘದ ಸಮಾವೇಶ ನಮ್ಮ ಮೈದಾನದಲ್ಲೇ ಎಂದು ಗೊತ್ತಾಯಿತು. ಮಧ್ಯಾಹ್ನ ಮೂರಕ್ಕೆ ಅಧ್ಯಕ್ಷರ ಉಪನ್ಯಾಸ: 'ಮನೆಗಾಡಿಯಲ್ಲಿ ವಿದ್ಯುತ್ ಸುರಕ್ಷತೆ'. ತಮ್ಮ ಸ್ವಂತ ಗಾಡಿಯ ಪ್ಲಗ್ ಕಿತ್ತು, ಬರೀ ಬ್ಯಾಟರಿಯಲ್ಲಿ ಎಲ್ಲವನ್ನೂ ನಡೆಸಿ ತೋರಿಸುತ್ತಾರಂತೆ. ಮೈದಾನದ ನೋಟಿಸ್ ಬೋರ್ಡಿನಲ್ಲಿ ಅದನ್ನು ಓದಿ ನಾನು ಉಗುಳಿದೆ. ನಿಜವಾಗಿಯೂ ಉಗುಳಿದೆ, ಅಕ್ಕ ಬೈದಳು.

ಸಮಾವೇಶದ ದಿನ ಬೆಳಿಗ್ಗೆ ಹತ್ತಕ್ಕೆ ಮೈದಾನದ ಮ್ಯಾನೇಜರಮ್ಮ ನಮ್ಮ ಶೆಡ್ಡಿಗೆ ಬಂದರು. ಮುಖ ಸಣ್ಣದಾಗಿತ್ತು.

"ಅಧ್ಯಕ್ಷರ ಗಾಡಿ ಕೈ ಕೊಟ್ಟಿದೆ. ಪ್ಲಗ್ ಇದ್ರೆ ಎಲ್ಲಾ ಸರಿ. ಪ್ಲಗ್ ಕಿತ್ತು ಫ್ರಿಜ್ಜು ಹಾಕಿದ ತಕ್ಷಣ ದೀಪ ಮಂಕಾಗುತ್ತೆ, ಪಂಪು ನಿಂತೇ ಹೋಗುತ್ತೆ. ಬ್ಯಾಟರಿ ಮೂರು ಸಲ ಬದಲಾಯಿಸಿದ್ದಾರಂತೆ. ನಮ್ಮ ಮಂಡಿನೋವಿನವರೂ ನೋಡಿದ್ರು, ಆಗಲಿಲ್ಲ. ನೀವು ಬರ್ತೀರಾ?" ಎಂದವರು ತುಸು ತಡೆದು, "ಗೊತ್ತು ನನಗೆ. ಬಲವಂತ ಇಲ್ಲ," ಎಂದರು.

"ಬರಲ್ಲ," ಎಂದೆ ನಾನು. "ಮೂರು ಗಂಟೆಗೆ ಕತ್ತಲಲ್ಲಿ ನಿಂತು ಭಾಷಣ ಮಾಡ್ಲಿ. ಮಾಡಿದ್ದುಣ್ಣೋ ಮಹಾರಾಯ."

ಅಕ್ಕ ಆಗಲೇ ಚೀಲ ಹೆಗಲಿಗೇರಿಸಿದ್ದಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನಾನು ಸೂಜಿ ಬಿಸಾಕಿ ಹಿಂದೆಯೇ ಹೋದೆ. ಅವಳು ಅಲ್ಲಿ ಮೆತ್ತಗಾಗಿಬಿಟ್ಟರೆ ಹಿಡಿದು ಎಳೆದುಕೊಂಡು ಬರಬೇಕಲ್ಲ.

ಮಾವನ ಗಾಡಿ ಮೈದಾನದ ನಟ್ಟನಡುವೆ ನಿಂತಿತ್ತು. ಬಂಪರು, ಚಕ್ರದ ಬಟ್ಟಲು, ಏಣಿ, ಕೆಳಗಿನ ಕಬ್ಬಿಣದ ಚೌಕಟ್ಟು, ಎಲ್ಲ ಬೆಳ್ಳಿ. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅಕ್ಕನನ್ನು ಕಂಡದ್ದೇ ಮಾವನ ಮುಖ ಒಂದು ಸಲ ಬಾಡಿತು, ಮರುಕ್ಷಣ ಅಧ್ಯಕ್ಷರ ನಗು ಬಂತು.

"ಓ, ನೀನಾ! ಬಾಮ್ಮಾ ಬಾ. ಹಳೇದೆಲ್ಲ ಮರೆತಿದ್ದೀನಿ ನಾನು. ನೋಡು, ಜೋಪಾನ. ನಟ್ಟು ಗಿಟ್ಟು ಸರಿಯಾಗಿ ಬಿಗಿ ಮಾಡು."

ಮರೆತಿದ್ದಾರಂತೆ! ನನ್ನ ಕೈ ಅಲ್ಲಿದ್ದ ಸುತ್ತಿಗೆಯ ಕಡೆ ತಾನಾಗಿ ಹೋಯಿತು. ಅಕ್ಕ ಮಾತ್ರ, "ಬ್ಯಾಟರಿ ಎಲ್ಲಿದೆ ಮಾವ?" ಎಂದಳು, ಅಷ್ಟೆ.

ಅಕ್ಕ ದೋಷ ಹುಡುಕುವುದನ್ನು ನೋಡಬೇಕು. ಬೇರೆಯವರು ಮೊದಲು ಬಿಚ್ಚುತ್ತಾರೆ, ಆಮೇಲೆ ಯೋಚಿಸುತ್ತಾರೆ. ಅವಳು ಏನನ್ನೂ ಬಿಚ್ಚುವುದಿಲ್ಲ. ಮೊದಲು ಹೊರಗಿನ ಪ್ಲಗ್ ಕಿತ್ತಳು. ಬ್ಯಾಟರಿಯ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟಳು: ಹನ್ನೆರಡೂ ಮುಕ್ಕಾಲು ವೋಲ್ಟು. ನನಗೆ ಫ್ರಿಜ್ಜು ಹಾಕಲು ಹೇಳಿದಳು. ದೀಪ ಮಂಕಾಯಿತು. ಬ್ಯಾಟರಿಯ ಹತ್ತಿರ ಹನ್ನೆರಡೂವರೆ, ಸರಿಯಾಗೇ ಇದೆ. ಒಳಗೆ ಹೋಗಿ ಫ್ಯೂಸ್ ಬೋರ್ಡಿನ ಮುಚ್ಚಳದ ತೂತಿನಿಂದ ಕಡ್ಡಿ ತೂರಿಸಿದಳು: ಹತ್ತೂ ಕಾಲು.

"ಹೊರಟದ್ದು ಹನ್ನೆರಡೂವರೆ, ಮುಟ್ಟಿದ್ದು ಹತ್ತೂ ಕಾಲು," ಎಂದಳು ತನ್ನಷ್ಟಕ್ಕೆ. "ದಾರೀಲಿ ಯಾರೋ ತಿಂತಿದ್ದಾರೆ. ಬ್ಯಾಟರಿ ಮೂರಲ್ಲ, ಮೂವತ್ತು ಬದಲಾಯಿಸಿದ್ರೂ ಅಷ್ಟೇ."

ಕರೆಂಟಿಗೆ ಹೋಗುವ ದಾರಿ ಒಂದು, ಬರುವ ದಾರಿ ಒಂದು. ಹೋಗುವ ದಾರಿಯ ಎರಡು ತುದಿಗೆ ಮೀಟರು ಇಟ್ಟಳು, ಅಲ್ಲಿ ಏನೂ ನಷ್ಟವಿಲ್ಲ. ಬರುವ ದಾರಿಗೆ ಇಟ್ಟಳು, ಎರಡೂ ಕಾಲು ವೋಲ್ಟು ಅಲ್ಲೇ ಕೂತಿತ್ತು. ಆ ದಾರಿ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೂಲಕ ಬ್ಯಾಟರಿಗೆ ವಾಪಸು ಹೋಗುತ್ತದೆ. ಅಕ್ಕ ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದಳು. ಎರಡು ನಿಮಿಷದ ಮೇಲೆ ಕೆಳಗಿನಿಂದಲೇ ಅವಳ ನಗು ಕೇಳಿಸಿತು. ಅವಳು ನಗುವುದು ಅಪರೂಪ. ನಾನು ಬಗ್ಗಿ ನೋಡಿದೆ.

ಚೌಕಟ್ಟಿಗೆ ಮೊದಲು ದಪ್ಪಗೆ ಬೆಳ್ಳಿ ಬಣ್ಣ ಬಳಿದು, ಆ ಬಣ್ಣದ ಮೇಲೆ ಬರುವ ದಾರಿಯ ಅರ್ಥಿಂಗ್ ತಂತಿಯ ಬೋಲ್ಟು ಕೂರಿಸಿದ್ದರು ಮಾವ. ಬಣ್ಣದೊಳಗೆ ಕರೆಂಟು ಹಾಯುವುದಿಲ್ಲ. ಬೋಲ್ಟು ಕೂರಿಸುವ ಜಾಗವನ್ನು ಕೆರೆದು ಕಬ್ಬಿಣ ಹೊಳೆಯುವ ಹಾಗೆ ಮಾಡಬೇಕು ಎಂಬುದು ಮೊದಲ ಪಾಠ. ಅಕ್ಕನಿಗೆ ಆ ಪಾಠ ಹೇಳಿಕೊಟ್ಟವರೂ ಅವರೇ.

"ಸಿಕ್ತಲ್ಲ, ನಡಿ ಹೋಗೋಣ," ಎಂದೆ ಪಿಸುಗುಟ್ಟಿ. "ಸಿಗಲಿಲ್ಲ ಅಂತ ಹೇಳಿಬಿಡು. ನಗೆಪಾಟಲಾಗ್ಲಿ."

ಅಕ್ಕ ಬ್ಯಾಟರಿಯ ಸ್ವಿಚ್ಚು ಆರಿಸಿ ಒಳಗೆ ಹೋದಳು. ಬರುವ ದಾರಿಯ ಇನ್ನೊಂದು ತುದಿಯನ್ನೂ ನೋಡದೆ ಅವಳು ಕೆಲಸ ಮುಗಿಸುವವಳಲ್ಲ. ಫ್ಯೂಸ್ ಬೋರ್ಡಿನ ಮುಚ್ಚಳ ತೆಗೆದಳು. ತೆಗೆದವಳು ಹಾಗೇ ಕೂತುಬಿಟ್ಟಳು.

ನಾನು ಅವಳ ಭುಜದ ಮೇಲಿನಿಂದ ಇಣುಕಿದೆ. ಹಲಗೆಯನ್ನೂ ಬಿಟ್ಟಿರಲಿಲ್ಲ, ಅದಕ್ಕೂ ಬೆಳ್ಳಿ. ನಡುವೆ ತಾಮ್ರದ ಪಟ್ಟಿ, ಪಟ್ಟಿಯ ತುದಿಗೆ ಮೇನ್ ನಟ್ಟು. ನಟ್ಟಿನ ಅಡಿಯಲ್ಲಿ ಗೇಣುದ್ದದ ಹಳೆಯ ತಂತಿಯ ತುಂಡು; ಹೊಸ ತಂತಿಯನ್ನು ಅದಕ್ಕೆ ಬೆಸೆದಿದ್ದರು. ನಟ್ಟು ಬಿಚ್ಚುವ ಗೋಜಿಗೆ ಹೋಗದೆ ತಂತಿಯನ್ನೇ ಕತ್ತರಿಸಿ ಎಲ್ಲಿಂದಲೋ ಕಿತ್ತು ತಂದ ಬೋರ್ಡು ಅದು. ನಟ್ಟಿನ ನೆತ್ತಿಯಿಂದ ಪಟ್ಟಿಯ ಮೇಲೆ ಹಾದು ಕೆಳಗೆ ಇಳಿದಿತ್ತು, ಕಂದು ಬಣ್ಣಕ್ಕೆ ತಿರುಗಿದ, ಬಿರುಕು ಬಿಟ್ಟ, ಆದರೆ ಎಲ್ಲೂ ತುಂಡಾಗದ ಒಂದು ಕೆಂಪು ಗೆರೆ. ಅದರ ತುದಿ ಮಾವನ ಬೆಳ್ಳಿ ಬಣ್ಣದ ಅಡಿ ಹೋಗಿ ಮುಚ್ಚಿಕೊಂಡಿತ್ತು.

ಅಕ್ಕ ಟಾರ್ಚನ್ನು ಓರೆಯಾಗಿ ಹಿಡಿದಳು. ಬಣ್ಣದಡಿಯಿಂದ ಕೊರೆದ ಅಕ್ಷರಗಳು ಎದ್ದು ಕಂಡವು. ಪಂಪು. ಫ್ರಿಜ್ಜು. ಹಿಂದಿನ ಸಾಕೆಟ್ಟು. ಅವಳ ಬೆರಳು ಕೊನೆಯದರ ಮೇಲೆ ನಿಂತಿತು: ಮಗಳ ದೀಪ. ಹಿಂದಿನ ಸಾಕೆಟ್ಟಿನ ಜಾಗದಲ್ಲಿ ಫ್ಯೂಸು ಇರಲಿಲ್ಲ. ಅಲ್ಲೊಂದು ದಪ್ಪ ತಾಮ್ರದ ತಂತಿಯ ತುಂಡು ಕರಗಿ ಅಂಟಿಕೊಂಡಿತ್ತು. ಕೀಳಲು ಬಾರದ್ದಕ್ಕೆ ಮೇಲೆ ಟೇಪು ಸುತ್ತಿ ಬಿಟ್ಟಿದ್ದರು.

ಫ್ಯೂಸು ಇರುವುದೇ ಕರೆಂಟು ಅತಿಯಾದಾಗ ತಾನು ಸತ್ತು ಗಾಡಿ ಉಳಿಸಲು. ಪದೇಪದೇ ಸಾಯುತ್ತದೆಂದು ಅದರ ಜಾಗದಲ್ಲಿ ತಾಮ್ರದ ತಂತಿ ತುರುಕಿದರೆ, ಆಮೇಲೆ ಬೇಯುವುದು ಗಾಡಿ. ಆ ದಿನದ ಐದು ನಿಮಿಷದ ರಿಪೇರಿ ಅದೇ ಆಗಿತ್ತು.

ಹನ್ನೊಂದು ವರ್ಷ ಆ ಬೋರ್ಡು ಗುಜರಿಯಲ್ಲಿದೆ ಎಂದು ನಂಬಿದ್ದೆವು. ನಾನು ಆಗಲೇ ಕೂಗಲು ಬಾಯಿ ತೆರೆದಿದ್ದೆ. ಅಕ್ಕ ನನ್ನ ಬಾಯಿಯನ್ನು ಗ್ರೀಸು ಹತ್ತಿದ ಕೈಯಿಂದಲೇ ಮುಚ್ಚಿದಳು.

"ಮೇಷ್ಟ್ರ ಮನೆಗೆ ಹೋಗು. ಮೂರು ಗಂಟೆಗೆ ಕರ್ಕೊಂಡು ಬಾ."

"ಮತ್ತೆ ಇದು? ಇದನ್ನ ಸರಿ ಮಾಡಿಕೊಡ್ತೀಯಾ ಇವನಿಗೆ?"

"ಮಾಡದೆ? ದೀಪ ಚೆನ್ನಾಗಿ ಉರಿಯದಿದ್ರೆ ಜನ ಹೇಗೆ ನೋಡ್ತಾರೆ?"

ಅವಳು ಅದನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ ನನಗೇ ಒಂದು ಸಲ ಭಯವಾಯಿತು. ಅವಳೂ ಕಾದಿದ್ದಳು. ನನಗಿಂತ ಚೆನ್ನಾಗಿ ಕಾದಿದ್ದಳು.

ಮೇಷ್ಟ್ರ ಮನೆ ಊರೊಳಗಿದೆ. ಬೆಂಕಿಯ ಮೇಲೆ ಅವರು ಗಾಡಿ ಇಟ್ಟುಕೊಳ್ಳಲಿಲ್ಲ. ರಸ್ತೆಯಲ್ಲಿ ಅಕ್ಕ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ಅವರ ಹುಬ್ಬು ಗಂಟಾಯಿತು.

"ಸರ್, ನೀವು ನಮ್ಮನ್ನ ನಂಬಬೇಡಿ," ಎಂದೆ. "ನಿಮ್ಮ ಕೈಬರಹ ಒಂದು ಕಡೆ ಸಿಕ್ಕಿದೆ. ಅದನ್ನ ನೀವೇ ನೋಡಿ, ಆಮೇಲೆ ಏನು ಬೇಕಾದ್ರೂ ಅನ್ನಿ."

ಅವರು ಚಪ್ಪಲಿ ಮೆಟ್ಟಿಕೊಂಡರು. ದಾರಿಯುದ್ದಕ್ಕೂ ಸುಟ್ಟ ಕೈಯನ್ನು ಇನ್ನೊಂದು ಕೈಯಿಂದ ಉಜ್ಜುತ್ತಲೇ ನಡೆದರು.

ಮೂರಕ್ಕೆ ಮಾವನ ಗಾಡಿಯ ಸುತ್ತ ನಲವತ್ತೈವತ್ತು ಜನ. ಪಕ್ಕದ ದೊಡ್ಡ ಬಾಗಿಲು ತೆರೆದಿತ್ತು, ಒಳಗಿನ ಬೋರ್ಡಿಗೆ ಮುಚ್ಚಳವಿರಲಿಲ್ಲ. ಭಾಷಣದಲ್ಲಿ ತೋರಿಸಲು ಅನುಕೂಲ ಎಂದು ಅಕ್ಕ ಹೇಳಿದ್ದಕ್ಕೆ ಮಾವ ಮೆಚ್ಚಿಕೊಂಡಿದ್ದರಂತೆ. ಅವಳು ಚೌಕಟ್ಟು ಕೆರೆದು ಬೋಲ್ಟು ಕೂರಿಸಿಯಾಗಿತ್ತು. ಮಾವ ಪ್ಲಗ್ ಕಿತ್ತರು, ಫ್ರಿಜ್ಜು ಹಾಕಿದರು. ದೀಪಗಳು ಜಗ್ಗೆಂದು ಉರಿದವು, ಪಂಪಿನಿಂದ ನೀರು ಚಿಮ್ಮಿತು. ಜನ ಚಪ್ಪಾಳೆ ತಟ್ಟಿದರು. ಮಾವ ಉಬ್ಬಿದರು.

"ಎಲ್ಲಾ ಇರೋದು ಬಿಗೀಲಿ!" ಎಂದರು ಮೈಕಿನಲ್ಲಿ. "ಒಂದು ಸಡಿಲ ನಟ್ಟು ಒಂದು ಸಂಸಾರಾನೇ ಸುಡುತ್ತೆ, ಕಣ್ಣಾರೆ ಕಂಡವನು ನಾನು. ನೋಡಿ ಇಲ್ಲಿ, ಈ ಮೇನ್ ನಟ್ಟು. ಗಾಡಿ ಕಟ್ಟಿದ ದಿನ ಈ ಕೈಯಲ್ಲೇ ಬಿಗಿ ಮಾಡಿದ್ದು. ಆರು ವರ್ಷ ಆಯ್ತು, ಒಂದು ಎಳೆ ಅಲ್ಲಾಡಿಲ್ಲ. ಕಲೀಬೇಕು ಅನ್ನೋರು ಹತ್ರ ಬಂದು ನೋಡಿ."

"ನಾನು ನೋಡಬಹುದಾ ಮಾವ?" ಎಂದಳು ಅಕ್ಕ. ಮೇಷ್ಟ್ರನ್ನು ಮುಂದೆ ಬಿಟ್ಟುಕೊಂಡು ಬಾಗಿಲಿಗೆ ಬಂದಳು. "ಈ ಕೆಂಪು ಗೆರೆ ಏನಿದು?"

ಮಾವ ಮೇಷ್ಟ್ರನ್ನು ಗುರುತು ಹಿಡಿದರು. ಮೈಕು ಸ್ವಲ್ಪ ಕೆಳಗಿಳಿಯಿತು. "ಅದು... ನೀನೇ ಬೆಳಿಗ್ಗೆ ಹಚ್ಚಿದ್ದಲ್ವಾ? ನಿನ್ನ ಹಳೇ ಚಟ."

"ಬೆಳಿಗ್ಗೆ ಹಚ್ಚಿದ ಗೆರೆ ಮೇಲೆ ನಿಮ್ಮ ಆರು ವರ್ಷದ ಬೆಳ್ಳಿ ಬಣ್ಣ ಹೇಗೆ ಬಂತು ಮಾವ?"

ಜನ ಮುಂದಕ್ಕೆ ಒತ್ತಿದರು. ಒಬ್ಬ ಗಾಡಿಯವನು, "ಅಯ್ಯೋ, ಇಂಥ ಗೆರೆ ನನ್ನ ಗಾಡೀಲೂ ಇದೆ!" ಎಂದ. "ನನ್ನದ್ರಲ್ಲೂ," ಎಂದಳು ಇನ್ನೊಬ್ಬಳು. ಮಂಡಿನೋವಿನ ಎಲೆಕ್ಟ್ರಿಷಿಯನ್ ಕುರ್ಚಿಯಿಂದಲೇ ಗಟ್ಟಿಯಾಗಿ ಹೇಳಿದರು: "ಇರಲೇಬೇಕು. ಸಹಿ ನಂದು, ಕೆಲಸ ಆಯಮ್ಮಂದು. ಆ ಗೆರೆ ಮುರೀದೆ ಇದ್ರೆ ನಟ್ಟು ತಿರುಗಿಲ್ಲ ಅಂತ ಅರ್ಥ."

ಮೇಷ್ಟ್ರು ಯಾರ ಮಾತೂ ಕೇಳುತ್ತಿರಲಿಲ್ಲ. ಸುಟ್ಟ ಕೈಯ ಬೆರಳಿನಿಂದ ಬಣ್ಣದಡಿಯ ಅಕ್ಷರಗಳನ್ನು ಸವರುತ್ತಿದ್ದರು. "ಮಗಳ ದೀಪ," ಎಂದರು. "ಇದು ನಾನು ಬರೆದದ್ದು. ಇದು ನನ್ನ ಹಳದಿ ಗಾಡಿ ಬೋರ್ಡು." ಪಕ್ಕದ ಜಾಗದ ಟೇಪನ್ನು ಅಕ್ಕ ಸುಲಿದು ತೋರಿಸಿದಳು. ಕರಗಿ ಅಂಟಿದ ತಾಮ್ರದ ತಂತಿ ಎಲ್ಲರಿಗೂ ಕಂಡಿತು, ದೀಪ ಅಷ್ಟು ಚೆನ್ನಾಗಿ ಉರಿಯುತ್ತಿತ್ತು. "ಅವತ್ತು ಐದು ನಿಮಿಷದಲ್ಲಿ ಸರಿ ಮಾಡಿದೆ ಅಂದ್ರಲ್ಲ," ಎಂದರು ಮೇಷ್ಟ್ರು ಮಾವನ ಕಡೆ ತಿರುಗಿ. "ಇದಾ?"

"ಗುರುವಿಗೇ ತಿರುಮಂತ್ರ ಹಾಕ್ತೀಯೇನೇ?" ಎಂದು ಮಾವ ಅಕ್ಕನ ಮೇಲೆ ಹರಿಹಾಯ್ದರು. "ಆ ತಂತಿ ಯಾರು ಹಾಕಿದ್ರೋ ನನಗೇನು ಗೊತ್ತು! ನಟ್ಟು ಸಡಿಲ ಇತ್ತು. ಆವಾಗ ಸಡಿಲ ಇತ್ತು! ಆಮೇಲೆ ನಾನು ಬಿಗಿ ಮಾಡಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಂತಿ ಅವರು ಹಾಕಿದ್ದೆಂದು ಅಕ್ಕ ಇನ್ನೂ ಹೇಳಿರಲೇ ಇಲ್ಲ. ಈಗಲೂ ಹೇಳಲಿಲ್ಲ. ಬ್ಯಾಟರಿಯ ಸ್ವಿಚ್ಚು ಆರಿಸಿದಳು. ಚೀಲದಿಂದ ಸ್ಪ್ಯಾನರು ತೆಗೆದು ಎರಡೂ ಕೈಯಲ್ಲಿ ಹಿಡಿದು, ದೊಡ್ಡವರಿಗೆ ಕೊಡುವ ಮರ್ಯಾದೆಯಲ್ಲೇ ಮುಂದೆ ಚಾಚಿದಳು.

"ಬೋರ್ಡು ಮೇಷ್ಟ್ರದು. ಅವರಿಗೆ ವಾಪಸ್ ಕೊಡೋಣ. ನೀವೇ ಬಿಗಿ ಮಾಡಿದ್ದಲ್ವಾ ಮಾವ, ನೀವೇ ಬಿಚ್ಚಿ."

ಐವತ್ತು ಜನರ ಮುಂದೆ ಬೇಡ ಎನ್ನುವ ಹಾಗಿರಲಿಲ್ಲ. ಮಾವ ಮೈಕನ್ನು ನೆಲಕ್ಕಿಟ್ಟು, ಸ್ಪ್ಯಾನರು ಹಾಕಿ ಒತ್ತಿದರು. ನಟ್ಟು ಮಿಸುಕಲಿಲ್ಲ. ಕಾಲು ಊರಿ, ಉಸಿರು ಕಟ್ಟಿ ಮತ್ತೆ ಒತ್ತಿದರು. ಕತ್ತಿನ ನರ ಉಬ್ಬಿತು, ಅಧ್ಯಕ್ಷರ ಬ್ಯಾಡ್ಜು ಕಳಚಿ ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಮೂರನೇ ಸಲ ಸ್ಪ್ಯಾನರು ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತುಬಂತು. ಕೆಂಪು ಗೆರೆ ಇದ್ದ ಹಾಗೇ ಇತ್ತು. ಅಯ್ಯೋ ಪಾಪ ಅನ್ನಿಸಿತೇ ಎಂದು ಆಮೇಲೆ ನನ್ನನ್ನು ಕೆಲವರು ಕೇಳಿದರು. ಇಲ್ಲ. ಇನ್ನೊಂದು ಸಲ ಒತ್ತಲಿ ಅನ್ನಿಸಿತು.

"ಬರ್ತಿಲ್ಲ," ಎಂದರು ಮಾವ ತಲೆ ಎತ್ತದೆ.

"ಯಾಕೆ ಮಾವ?"

"ತುಂಬಾ... ಬಿಗಿ ಇದೆ."

ಅಕ್ಕ ನೆಲದ ಮೇಲಿದ್ದ ಮೈಕನ್ನು ಎತ್ತಿ ಅವರ ಬಾಯಿಯ ಹತ್ತಿರ ಹಿಡಿದಳು. "ಹಿಂದೆ ನಿಂತವರಿಗೆ ಕೇಳಿಸಲಿಲ್ಲ."

ಮಾವ ಜನರನ್ನು ನೋಡಿದರು, ಮೇಷ್ಟ್ರ ಕೈ ನೋಡಿದರು, ಕೊನೆಗೆ ಅಕ್ಕನನ್ನು ನೋಡಿದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ನಟ್ಟು ಬಿಗಿ ಇದೆ," ಎಂದಿತು ಇಡೀ ಮೈದಾನದಲ್ಲಿ ಅವರ ದನಿ. "ಅವಳು... ಬಿಗಿಯಾಗೇ ಹಾಕಿದ್ಲು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ಅಕ್ಕನ ಮುಂದೆ ನಿಂತು ಕೈ ಮುಗಿದರು. ಮ್ಯಾನೇಜರಮ್ಮ ಚೀಟಿಯ ಪುಸ್ತಕ ತಂದು ಮಾವನ ಗಾಡಿಯ ಸಂಖ್ಯೆ ಬರೆದು, ಮಂಡಿನೋವಿನವರ ಕಡೆ ಹೋಗದೆ ನೇರವಾಗಿ ಅಕ್ಕನ ಮುಂದೆ ಹಿಡಿದರು. ಕಂಬಕ್ಕೆ ಪ್ಲಗ್ ಹಾಕಲು ಈ ಗಾಡಿ ಯೋಗ್ಯವೇ ಎಂಬ ಕಡೆ ಅಕ್ಕ "ಇಲ್ಲ" ಎಂದು ಬರೆದಳು. ಕೆಳಗೆ ಹನ್ನೊಂದು ವರ್ಷದಿಂದ ಕಾಯ್ದಿಟ್ಟ ಸಹಿ ಹಾಕಿದಳು. ಸೇಡು ತೀರಿದ ಮೇಲೆ ಮನಸ್ಸು ಖಾಲಿ ಖಾಲಿ ಅನ್ನಿಸುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಅದು ಸುಳ್ಳು. ನನಗೆ ಹೊಟ್ಟೆ ತಣ್ಣಗಾಯಿತು, ಶೆಡ್ಡಿಗೆ ಬಂದ ಮೇಲೆ ಎರಡು ಲೋಟ ಚಹಾ ಕುಡಿದೆ.

ಸಂಜೆಯ ಹೊತ್ತಿಗೆ ಸುದ್ದಿ ಅಮ್ಮನಿಗೂ ಮುಟ್ಟಿತು. ಫೋನಿನಲ್ಲಿ ಅವಳ ಅಳು ನನಗೂ ಕೇಳಿಸುತ್ತಿತ್ತು: "ಅಷ್ಟು ಜನರ ಮುಂದೆ ನನ್ನ ತಮ್ಮನಿಗೆ ಏನೇನು ಅಂದ್ಯೇ?"

ಅಕ್ಕ ನೇಲ್ ಪಾಲಿಶ್ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡುತ್ತಿದ್ದಳು.

"ನಾನು ಏನೂ ಅನ್ನಲಿಲ್ಲ ಅಮ್ಮ," ಎಂದಳು. "ನಟ್ಟು ಬಿಚ್ಚಿ ಅಂದೆ, ಅಷ್ಟೇ."